ಹಾಯಿ ಕಟ್ಟಿದ ಅಳಿಯ

ಜಗಳಕ್ಕೆ ಕಾರಣ ಒಂದು ತಂಬಿಗೆ ನೀರು. ಯುಗಾದಿಗೆ ಮೆಣಸಗಿಯ ಮಾವನ ಮನೆಗೆ ಹೋದಾಗ ಹಿರಿಯ ಅಳಿಯ ಅಂದಾನಪ್ಪ ಅಂಗಳದಲ್ಲಿ ನಿಂತಿರುವಾಗಲೇ, ಹಿಂದಿನಿಂದ ಬಂದ ಕಿರಿಯ ಅಳಿಯನ ಕಾಲಿಗೆ ಮೊದಲು ನೀರು ಕೊಟ್ಟುಬಿಟ್ಟರು. ಅಸೂಟಿಯಲ್ಲಿ ಎರೆಹೊಲ, ಹತ್ತಿ ವ್ಯಾಪಾರ, ಚಾವಡಿಯಲ್ಲಿ ಕಂಬಕ್ಕೆ ಒರಗಿ ಕೂರುವ ಜಾಗ ಎಲ್ಲ ಇದ್ದ ಮನುಷ್ಯನಿಗೆ ಇದನ್ನು ನುಂಗಿಕೊಳ್ಳಲು ಆದೀತೆ?

"ಮಾವ ತಾನ ಬಗ್ಗಿ ನನ್ನ ಕಾಲಿಗೆ ನೀರು ಕೊಟ್ಟು ಬರ್ರಿ ಅನ್ನೂತನಕ ಈ ಊರ ಮಣ್ಣು ತುಳಿಯೂದಿಲ್ಲ!" ಎಂದವನೇ ಹೋಳಿಗೆಯನ್ನೂ ಮುಟ್ಟದೆ ತಿರುಗಿ ಬಂದ.

ಪಂಚಮಿಗೆ ತವರಿಗೆ ಹೋದ ಹೆಂಡತಿ ನೀಲವ್ವ ಹಬ್ಬ ಮುಗಿದರೂ ಬರಲಿಲ್ಲ. "ಕರಿಯಾಕ ಬಂದ್ರ ಬರ್ತೀನಿ" ಎಂದು ಅವಳು ಹೇಳಿ ಕಳಿಸಿದಳು. "ಬೇಕಾದ್ರ ತಾನಾಗೇ ಬರಲಿ" ಎಂದು ಇವನು ಹೇಳಿ ಕಳಿಸಿದ. ಇಬ್ಬರಲ್ಲಿ ಯಾರು ಮೊದಲು ಸೋಲುತ್ತಾರೆ ಎಂದು ಎರಡೂ ಊರು ಕಾದು ಕೂತವು. ನಮ್ಮ ಕಡೆಯ ಜನಕ್ಕೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆದೀತು, ಇಂಥ ಸುದ್ದಿ ತಪ್ಪಬಾರದು.

ಅದು ಕಂಪನಿ ಸರಕಾರದ ಕಾಲ. ಆಗ ಎರಡೂ ಊರಿನ ನಡುವೆ ಒಂದು ದೊಡ್ಡ ಕೆರೆ. ಶ್ರಾವಣದಲ್ಲಿ ತುಂಬಿತೆಂದರೆ ಎರಡು ಹರಿದಾರಿ ಬರೀ ನೀರು. ಹತ್ತಿ ಗಾಡಿಗಳ ಜೊತೆ ಕುಮಟೆ ಬಂದರಕ್ಕೆ ಹೋಗಿ ಹಾಯಿ ಹಡಗು ನೋಡಿ ಬಂದ ಅಂಬಿಗ ನಬೀಸಾಬ ತನ್ನ ಹರಿಗೋಲಿಗೆ ಬಿದಿರು ನೆಟ್ಟು ಕಂಬಳಿ ಕಟ್ಟಿದ್ದ. ಅಂದಿನಿಂದ ಪ್ರತಿ ಶ್ರಾವಣವೂ ಅಸೂಟಿ ದಂಡೆಯಿಂದ ಮೆಣಸಗಿ ದಂಡೆಗೆ ಹಾಯಿ ಪಂದ್ಯ. ಸಮುದ್ರವನ್ನೇ ಕಾಣದ ಎರೆನಾಡಿನವರು ಹಾಯಿ ಏರಿಸಿದೆವಲ್ಲ ಎಂದು ನಮ್ಮವರಿಗೆ ಎಷ್ಟು ಹೆಮ್ಮೆ ಅಂತೀರಿ! ಕುಮಟೆಯವರು ಬೇಕಾದರೆ ಬಂದು ಕಲಿತು ಹೋಗಲಿ ಅನ್ನುವರು.

ಪಂದ್ಯದ ದಿನ ಬೆಳಿಗ್ಗೆ ಅಂದಾನಪ್ಪ ಜೋಳದ ಹಿಟ್ಟಿನೊಡನೆ ಗುದ್ದಾಡುತ್ತಿದ್ದ. ನೆರೆಮನೆಯ ಮುದುಕಿ ಹೊನ್ನವ್ವ ಹೊಗೆ ಕಂಡು ಬಾಗಿಲಲ್ಲಿ ಇಣುಕಿದಳು.

"ಏನಪಾ ತಮ್ಮಾ, ರೊಟ್ಟಿ ಸುಡಾಕತ್ತೀಯೋ ಮನೀನ ಸುಡಾಕತ್ತೀಯೋ?"

"ನನಗ ಕರಕ ರೊಟ್ಟೀನ ಸೇರ್ತೈತಿ ಆಯಿ."

"ಸೇರ್ತೈತಿ, ಸೇರ್ತೈತಿ. ಮಾರಿ ನೋಡಿದ್ರ ಗೊತ್ತಾಗ್ತೈತಿ. ಇಲ್ಲಿ ಕೇಳು. ಪಂದ್ಯದಾಗ ಮೊದಲ ಮುಟ್ಟಿದಾವಗ ಮೆಣಸಗಿ ಹಿರ್ಯಾರು ದಂಡಿ ಮ್ಯಾಲ ಕಾಲಿಗೆ ನೀರು ಕೊಟ್ಟು ಕರೀತಾರ, ಹೌದಿಲ್ಲೋ? ಈ ವರ್ಷ ಆ ಹಿರೇತನ ನಿಮ್ಮ ಮಾವಂದು!"

ಅಂದಾನಪ್ಪ ಹಿಟ್ಟಿನ ಕೈಯಲ್ಲೇ ಎದ್ದು ನಿಂತ. "ಅಂದ್ರ ನಾ ಅಳಿಯಾ ಅಂತ ಹೋಗೂದಲ್ಲ..."

"ಅಲ್ಲೇ ಅಲ್ಲ. ಗೆದ್ದ ಗಂಡಸಂತ ಹೋಗೂದು. ಬರೂ ಮುಂದ ನೀಲವ್ವನ್ನೂ ಕರಕೊಂಡು ಬಾ. ನಿನ್ನ ಹಟಾನೂ ಉಳೀತು, ಹೊಟ್ಟೀನೂ ತುಂಬತು."

ಇಂಥ ಉಪಾಯ ತನಗೇ ಹೊಳೆದದ್ದು ಎಂಬಂತೆ ಮೀಸೆ ತಿರುವುತ್ತ ಅಂದಾನಪ್ಪ ಕೆರೆಗೆ ಹೊರಟ. ಹೆಗಲ ಮೇಲೆ ಹಾಯಿಗೆಂದು ಪಡಸಾಲೆಯ ನವಲಗುಂದದ ಜಮಖಾನೆ. ಕಂಡವರ ಕಂಬಳಿ ಕಟ್ಟಿ ಹೋಗುವ ಮನೆತನವೇ ಅವನದು?

ನಬೀಸಾಬ ಜಮಖಾನೆ ನೋಡಿ ಗಾಬರಿಯಾದ. "ಧಣ್ಯಾರ, ಈಜು ಬರ್ತೈತೇನ್ರಿ?"

"ಗೆಲ್ಲೂ ಮಂದಿಗೆ ಈಜು ಯಾಕ ಬೇಕೋ? ಕಟ್ಟು!"

ದಂಡೆಯ ಮೇಲೆ ಹಲಗೆಯ ಸದ್ದು ಮೊಳಗಿತು. ಹರಿಗೋಲುಗಳು ದಂಡೆ ಬಿಟ್ಟವು. ಉಳಿದವರ ಕಂಬಳಿಗಳು ಅಳತೆಯಾಗಿ ಗಾಳಿ ಹಿಡಿದರೆ, ಅಂದಾನಪ್ಪನ ಜಮಖಾನೆ ಒಮ್ಮೆಲೇ ಉಬ್ಬಿ ಅವನನ್ನು ಮದುವೆಯ ಚಪ್ಪರ ಹಾರಿಹೋದ ಹಾಗೆ ಎಳೆದುಕೊಂಡು ಹೊರಟಿತು. ನಡುನೀರಿಗೆ ಬಂದೊಡನೆ ದುಂಡನೆಯ ಹರಿಗೋಲು ಬೀಸುಕಲ್ಲಿನಂತೆ ತಿರುಗತೊಡಗಿತು. ಒಮ್ಮೆ ಅಸೂಟಿ ಕಾಣುವುದು, ಒಮ್ಮೆ ಮೆಣಸಗಿ ಕಾಣುವುದು.

"ಹುಟ್ಟು ಹಿಂದ ಹಾಕ್ರಿ ಧಣ್ಯಾರ, ಹಿಂದ!" ನಬೀಸಾಬ ತನ್ನ ಹರಿಗೋಲಿನಿಂದ ಕೂಗಿದ.

"ಹಿಂದ ಯಾವುದೋ ಮಾರಾಯಾ? ಮುಂದ ಯಾವುದೋ?"

ಅಷ್ಟರಲ್ಲಿ ಬಿದಿರು ಲಟಕ್ಕೆಂದು ಮುರಿದು ಜಮಖಾನೆ ತಲೆಯ ಮೇಲೆಯೇ ಕವುಚಿತು. ಒಳಗೆ ಕತ್ತಲೆ. ಗೆಲುವೂ ಬೇಡ, ನೀರೂ ಬೇಡ, ನೀಲವ್ವನ ಮುಖ ಒಮ್ಮೆ ನೋಡಿದರೆ ಸಾಕು ಅನ್ನಿಸಿತು ಅಂದಾನಪ್ಪನಿಗೆ. ಅವಳಿಲ್ಲದ ಮನೆ ಮನೆಯಾಗಿರಲಿಲ್ಲ. ಇದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ, ಜಮಖಾನೆಯೊಳಗೆ ಯಾರೂ ಇರಲಿಲ್ಲವಾದ್ದರಿಂದ ಗಟ್ಟಿಯಾಗಿಯೇ ಹೇಳಿಕೊಂಡ. ಗಾಳಿಗೆ ಇದೆಲ್ಲ ಏನು ಗೊತ್ತು? ಹರಿಗೋಲಿನ ಮೇಲೆ ಗುಡಾರದಂತೆ ಎದ್ದಿದ್ದ ಜಮಖಾನೆಯನ್ನು ಅದು ತಳ್ಳುತ್ತಲೇ ಹೋಯಿತು.

ಧಡ್ ಎಂದು ಏನಕ್ಕೋ ತಾಗಿ ಅಂದಾನಪ್ಪ ನೀರಿಗೆ ಉರುಳಿದ. ತಲೆ ಎತ್ತಿದರೆ ಮೆಣಸಗಿಯ ಬಟ್ಟೆ ಒಗೆಯುವ ಕಲ್ಲು! ಹಿಂದೆ ತಿರುಗಿ ನೋಡಿದರೆ ಉಳಿದವರೆಲ್ಲ ಇನ್ನೂ ದೂರದಲ್ಲಿ.

ಹಲಗೆ ಮೊಳಗಿತು. ಮಾವ ಗುರುಸಂಗಪ್ಪ ತಂಬಿಗೆ ಹಿಡಿದು ಬಂದು ಊರೆಲ್ಲ ನೋಡುತ್ತಿದ್ದಂತೆ ಸೊಂಟ ಬಗ್ಗಿಸಿದ. "ಬರ್ರಿ ಅಳಿಯಾರ, ಬರ್ರಿ!" ತಲೆಯಿಂದ ನೀರು ಸುರಿಯುತ್ತಿದ್ದರೂ ಅಂದಾನಪ್ಪ ಬಲಗಾಲು ಚಾಚಿದ, ಎಡಗಾಲು ಚಾಚಿದ, ಸಾವಕಾಶವಾಗಿ ನೀರು ಹಾಕಿಸಿಕೊಂಡ. ಆ ಹೊತ್ತಿನಲ್ಲಿ ಗಜೇಂದ್ರಗಡದ ಕೋಟೆಯನ್ನೇ ಬರೆದುಕೊಟ್ಟಿದ್ದರೂ ಅವನು ಬೇಡ ಅನ್ನುತ್ತಿದ್ದ.

ಮನೆಯಲ್ಲಿ ಅತ್ತೆ ಶೇಖವ್ವ ಹೋಳಿಗೆಗೆ ತುಪ್ಪ ಸುರಿದಳು. ಅಂದಾನಪ್ಪನ ಕಣ್ಣು ಮಾತ್ರ ಅಡುಗೆಮನೆಯ ಬಾಗಿಲಲ್ಲೇ ಇತ್ತು.

"ಅತ್ತೀ, ಮನ್ಯಾಗ ಎಲ್ಲಾರೂ... ಅರಾಮ ಅದಾರಿಲ್ರಿ?"

"ಅಯ್ಯ, ನಿಮಗ ಗೊತ್ತಿಲ್ಲೇನ್ರಿ? ನೀಲವ್ವ ಮುಂಜಾನೇನ ಗಾಡಿ ಹೂಡಿಸಿಕೊಂಡು ಕೆರಿ ಸುತ್ತಿ ಅಸೂಟಿಗೆ ಹೋದ್ಲಲ್ರಿ! 'ಅವರ ಹಟಾ ನನ್ನ ಕೈಲೆ ನೀಗೂದಿಲ್ಲವ್ವಾ, ನಾನ ಸೋತೆ' ಅಂದ್ಲು."

ಅಂದಾನಪ್ಪ ಕೈಯಲ್ಲಿದ್ದ ಹೋಳಿಗೆಯ ತುಣುಕನ್ನು ಕೆಳಗಿಟ್ಟ. ಒಂದು ಹೊತ್ತು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಗೆಲುವು ತಾನಾಗಿ ಬಾಗಿಲಿಗೆ ಬರುತ್ತಿತ್ತು! ಆದರೂ ಮೀಸೆ ಮತ್ತೆ ಎದ್ದಿತು. ಏನೇ ಆಗಲಿ, ಮೊದಲು ಸೋತವಳು ಅವಳು. ಅದನ್ನು ಊರ ಮುಂದೆ ಹೇಳಲೇಬೇಕು.

"ನಾ ಹೊಂಟೆ" ಎಂದು ಎದ್ದ.

"ಹಂಗ ಹ್ಯಾಂಗ ಕಳಸೂದ್ರಿ?" ಎಂದ ಗುರುಸಂಗಪ್ಪ. "ಗೆದ್ದಾವನ್ನ ಹಲಗಿ ಬಾರಿಸಿ ಊರು ಮುಟ್ಟಸೂದು ನಮ್ಮ ಪದ್ಧತಿ."

ಗಾಡಿಯ ಮುಂದೆ ಹಲಗೆಯ ಪರಶಪ್ಪ. ದಾರಿಯ ಒಂದೊಂದು ಊರಲ್ಲೂ ನಿಂತು ಎದೆಯುಬ್ಬಿಸಿ ಸಾರಿದ: "ಕೇಳ್ರಪೋ ಕೇಳ್ರಿ! ಅಸೂಟಿ ಅಂದಾನಪ್ಪ ಎಲ್ಲಾರಕಿಂತ ಮೊದಲ ಮಾವನ ಊರಿಗೆ ಓಡಿ ಬಂದಾನ!"

ಎರಡನೆಯ ಊರಿಗೆ ಬರುವಷ್ಟರಲ್ಲಿ ಆ ಮಾತು ಅಂದಾನಪ್ಪನ ಕಿವಿಯಲ್ಲಿ ಬೇರೆಯಾಗಿಯೇ ಕೇಳತೊಡಗಿತು. ಜನ ಬಾಯಿಗೆ ಸೆರಗು, ಧೋತರ ಹಿಡಿದು ನಗುತ್ತಿದ್ದರು.

"ಪರಶಪ್ಪಾ, ಅಷ್ಟ ಒದರಬ್ಯಾಡೋ."

"ಸಣ್ಣ ಮಾತೇನ್ರೀ ಧಣಿ? ನಿಮ್ಮ ಮರ್ಯಾದಿ ಐತಿ!" ಎಂದು ಪರಶಪ್ಪ ಇನ್ನೂ ಗಟ್ಟಿಯಾಗಿ ಸಾರಿದ.

ದೀಪ ಹಚ್ಚುವ ಹೊತ್ತಿಗೆ ಅಸೂಟಿ. ಊರಿಗೆ ಊರೇ ಮನೆಯ ಮುಂದೆ ಸೇರಿತ್ತು. ಬಿಸಿರೊಟ್ಟಿಯ ವಾಸನೆ. ಬಾಗಿಲಲ್ಲಿ ನೀಲವ್ವ ಆರತಿ ಹಿಡಿದು ನಿಂತಿದ್ದಳು.

ಅಂದಾನಪ್ಪ ಗಾಡಿಯಿಂದಿಳಿದು ಕೆಮ್ಮಿದ. "ಏನು, ಸೋತು ಬಂದಿಯಂತ?"

"ಯಾರು, ನಾನ? ನನ್ನ ಮನಿಗೆ ನಾ ಬಂದೀನ್ರಿ. ನನ್ನ ಗಾಡಿ ಮುಂದ ಯಾರೂ ಹಲಗಿ ಬಾರಿಸಿಲ್ಲ."

ನೀಲವ್ವ ಗಂಡನಿಗೆ ಆರತಿ ಬೆಳಗಿದಳು. ಆಮೇಲೆ ಪರಶಪ್ಪನ ಕಡೆ ತಿರುಗಿ ಅಂದಳು:

"ಯಣ್ಣಾ, ಇನ್ನೊಮ್ಮೆ ಸಾರೋ. ಹಿಂದಿನ ಓಣಿಯವರಿಗೆ ಕೇಳಿಲ್ಲಂತ."