ಹೆನ್ನಿಂಗನ ಜೇನುಬಣ್ಣದ ನೆಲ

ಎಲ್ಲ ತಾಪತ್ರಯಕ್ಕೂ ಮೂಲ ಮೂರು ಡಬ್ಬಿ. ಒಂದರಲ್ಲಿ ನೆಲಕ್ಕೆ ಹಾಕುವ ಸೋಪಿನ ಪುಡಿ, ಇನ್ನೊಂದರಲ್ಲಿ ನೀರಿನ ವಾರ್ನಿಷ್, ಮೂರನೆಯದರಲ್ಲಿ ದೋಣಿಗೆ ಬಳಿಯುವ ಎಣ್ಣೆ ವಾರ್ನಿಷ್. ಶುಕ್ರವಾರ ಬೆಳಗ್ಗೆ ಹೆನ್ನಿಂಗ್ ಮೂರನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು, ಹೆಣ್ಣು ನೋಡಲು ಬಂದವನ ಹಾಗೆ ಎದುರಿಗೆ ಕೂತಿದ್ದ.

ಎರಡು ದಿನ ಯಂತ್ರ ಹಿಡಿದು ಉಜ್ಜಿದ್ದರಿಂದ ನಡುಮನೆಯ ಓಕ್ ಹಲಗೆಗಳು ಆಗಷ್ಟೇ ಬೋಳಿಸಿದ ತಲೆಯ ಹಾಗೆ ಬೆಳ್ಳಗಿದ್ದವು. ಹೆಂಡತಿ ಗಿಟ್ಟೆ ಆರ್ಹುಸ್ ಪಟ್ಟಣದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಳು, ಸಂಜೆ ವಾಪಸು ಬರುವವಳಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು:

"ನಾಲ್ಕು ವರ್ಷದಿಂದ ಕೇಳ್ತಿದೀನಿ. ನಮ್ಮಜ್ಜಿ ಮನೇಲಿ ಇತ್ತಲ್ಲ, ಜೇನಿನ ಬಣ್ಣದ ನೆಲ, ಹಾಗೆ ಬೇಕು ನಂಗೆ. ಈ ಸಲಾನೂ ಅರ್ಧಕ್ಕೆ ಬಿಟ್ರೆ ನಾನು ಅಕ್ಕನ ಮನೇಲೇ ಇರ್ತೀನಿ."

ತಮಾಷೆಗೆ ಹೇಳಿದ್ದೋ ನಿಜಕ್ಕೋ ಹೆನ್ನಿಂಗನಿಗೆ ತಿಳಿಯಲಿಲ್ಲ. ಗಿಟ್ಟೆಯ ಮುಖ ನೋಡಿ ಅದನ್ನು ತಿಳಿದವರು ಯಾರೂ ಇಲ್ಲ.

ಹೆನ್ನಿಂಗ್ ಕಾರು ಓಡಿಸಲು ಕಲಿಸುವ ಮೇಷ್ಟ್ರು. "ದಾರಿ ಕೂಡೋ ಕಡೆ ಯೋಚನೆ ಮಾಡ್ತಾ ನಿಲ್ಬೇಡಿ, ತೀರ್ಮಾನ ಮಾಡಿ!" ಎಂದು ದಿನವಿಡೀ ಕೂಗುವವನು. ಮನೆಗೆ ಬಂದರೆ ಯಾವ ಅಂಗಿ ಹಾಕಲಿ ಎಂದು ಹೆಂಡತಿಯನ್ನು ಕೇಳುವವನೂ ಅವನೇ.

ಆದರೂ ಅವತ್ತು ಬುದ್ಧಿ ಓಡಿತು. ಮೂಲೆಯಲ್ಲಿ ಮೂರು ಕಡೆ ಗೇಣಗಲ ಹಚ್ಚಿ ನೋಡಿದ. ಸೋಪು ಹಾಕಿದ ಕಡೆ ನೆಲ ಮಜ್ಜಿಗೆಯ ಬಣ್ಣವಾಯಿತು. ನೀರಿನ ವಾರ್ನಿಷ್‌ಗೆ ಯಾವ ಬಣ್ಣವೂ ಇರಲಿಲ್ಲ. ಎಣ್ಣೆ ವಾರ್ನಿಷ್ ಬಿದ್ದ ಕಡೆ ಮಾತ್ರ ಮರ ಥಟ್ಟನೆ ಜೇನಾಯಿತು. "ಇದೇ!" ಎಂದು ಅವನು ಎದ್ದು ನಿಲ್ಲುವುದಕ್ಕೂ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಯುಟ್ಟೆ ಬರುವುದಕ್ಕೂ ಸರಿಹೋಯಿತು. ಎಪ್ಪತ್ತು ದಾಟಿದ ನಿವೃತ್ತ ಟೀಚರಮ್ಮ. ಈಗಲೂ ಊರಿಗೆ ಊರನ್ನೇ ತರಗತಿ ಎಂದುಕೊಂಡವರು.

"ಸೋಪು ಹಾಕು ಕಣೋ. ಗಂಟೇಲಿ ಒಣಗುತ್ತೆ."

"ಬೆಳ್ಳಗಾಗುತ್ತಲ್ಲ ಯುಟ್ಟೆ. ಗಿಟ್ಟೆಗೆ ಜೇನಿನ ಬಣ್ಣ ಬೇಕಂತೆ."

"ಬಣ್ಣ ಹಾಳಾಗ್ಲಿ. ಆ ಎಣ್ಣೇದು ಎಷ್ಟು ಹೊತ್ತಿಗೆ ಒಣಗುತ್ತೆ?"

ಹೆನ್ನಿಂಗ್ ಡಬ್ಬಿ ತಿರುಗಿಸಿ ಓದಿದ. "ಈ ಅಕ್ಟೋಬರ್ ಚಳೀಲಿ ಇಪ್ಪತ್ತನಾಲ್ಕು ಗಂಟೆ."

ಯುಟ್ಟೆಯ ಮುಖ ಒಡೆದ ಹಾಲಾಯಿತು. "ಬೇಡ! ಬೇಡವೇ ಬೇಡ!"

ಅವರು ಹೋಗಿ ಕಾಲು ಗಂಟೆಯಾಗಿಲ್ಲ, ಎದುರುಮನೆಯ ಆಸ್ಗರ್ ಬಂದ. ದೋಣಿ ಕಟ್ಟುವ ಬಡಗಿಯಾಗಿದ್ದವನು. ಇವನಾದರೂ ತನ್ನ ಕಡೆ ನಿಲ್ಲುತ್ತಾನೆಂದು ಹೆನ್ನಿಂಗ್ ನಂಬಿದ್ದ.

"ನೀರಿಂದು ಹಚ್ಚು," ಅಂದ ಆಸ್ಗರ್. "ದೋಣಿ ವಾರ್ನಿಷ್ ದೋಣಿಗೆ. ನಿನ್ನ ಮನೆ ಏನು ತೇಲುತ್ತಾ?"

"ನಿನ್ನ ಮನೇಲಿ ಅದನ್ನೇ ಹಚ್ಚಿದೀಯಲ್ಲೋ!"

"ಅದಕ್ಕೇ ಹೇಳ್ತಿರೋದು ಮಾರಾಯ, ಅನುಭವಿಸಿದವನು."

ಮೂರನೆಯವನು ಬೇಕರಿಯ ವಿಲ್ಲಿ. ಒಳಗೆ ಬರದೆ ಕಿಟಕಿಯಿಂದ ತಲೆ ಮಾತ್ರ ತೂರಿಸಿದ. "ನಾಳೆ ಬೆಳಗ್ಗೆ ಆರೂವರೆಗೆ ಒಣಗಿರುತ್ತಾ?"

"ನಿಂಗ್ಯಾಕೋ ಆರೂವರೆ?"

"ಸುಮ್ನೆ ಕೇಳ್ದೆ," ಅಂದು ವಿಲ್ಲಿ ತಲೆಯನ್ನು ಆಮೆಯ ಹಾಗೆ ಹಿಂದಕ್ಕೆಳೆದುಕೊಂಡ.

ಹೋದ ವರ್ಷ ಈ ಮೂವರ ಮಾತು ಕೇಳಿ ಹೆನ್ನಿಂಗ್ ತನ್ನ ಬೇಲಿಯ ಗಿಡಗಳನ್ನು ಬುಡದ ತನಕ ಸವರಿದ್ದ. ಅವು ಮತ್ತೆ ಚಿಗುರಲಿಲ್ಲ. ಅವತ್ತೇ ಒಂದು ಪಾಠ ಕಲಿತಿದ್ದ: ಈ ಮೂವರು ಒಂದೇ ಕಡೆ ನಿಂತರೆ ಅದಕ್ಕೆ ವಿರುದ್ಧವಾದದ್ದೇ ಸರಿ. ಮೂವರಿಗೂ ಬೇಡವಾದ ಎಣ್ಣೆ ವಾರ್ನಿಷ್ಷೇ ಎಂದು ತೀರ್ಮಾನಿಸಿದ. ಹೆಂಡತಿಯನ್ನು ಕೇಳದೆ ಮಾಡಿದ ತೀರ್ಮಾನ. ಮೈಯೆಲ್ಲ ಹಗುರವಾಗಿ, ಸೀಟಿ ಹೊಡೆಯುತ್ತ ಅಡುಗೆಮನೆಗೆ ಹೋಗಿ ಕಪ್ಪು ರೊಟ್ಟಿಯ ಮೇಲೆ ಹೆರಿಂಗ್ ಮೀನು ಇಟ್ಟುಕೊಂಡು ತಿಂದ.

ತಿಂದು ಬಂದು ನೋಡಿದರೆ ಯುಟ್ಟೆ ಮಂಡಿಯೂರಿ ಕೂತು ಬಕೆಟ್ಟಿನಿಂದ ಸೋಪುನೀರು ಬಳಿಯುತ್ತಿದ್ದಾರೆ! ಆಗಲೇ ಒಂದು ಮೂಲೆ ಮುಗಿದಿತ್ತು.

"ಯುಟ್ಟೆ! ಏನ್ ಮಾಡ್ತಿದೀರಿ?"

"ಸಹಾಯ!"

ಅವರನ್ನು ಬಕೆಟ್ಟಿನ ಸಮೇತ ಹೊರಗೆ ಕಳಿಸಿ, ಆ ಮೂಲೆಯನ್ನು ಒರೆಸಿ ಒಣಗಿಸಿ ಮತ್ತೆ ಉಜ್ಜುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಈಗ ಕಿಟಕಿಯ ಕಟ್ಟೆಯ ಮೇಲೆ ಎರಡೇ ಡಬ್ಬಿ. ಎಣ್ಣೆ ವಾರ್ನಿಷ್ ಮಾಯ.

ಅದು ಸಿಕ್ಕಿದ್ದು ಆಸ್ಗರನ ಕೊಟ್ಟಿಗೆಯಲ್ಲಿ. "ಓ, ನಿಂದಾ? ನಂದು ಅಂದ್ಕೊಂಡು ಎತ್ಕೊಂಡು ಬಂದ್ಬಿಟ್ಟೆ. ತಗೋ ತಗೋ. ಅದನ್ನೇ ಹಚ್ಚು, ಒಳ್ಳೇದು," ಅಂದ ಆಸ್ಗರ್, ಮುಚ್ಚಳ ಒರೆಸಿ, ನಗುತ್ತ.

ಹೆನ್ನಿಂಗನಿಗೆ ಹೆದರಿಕೆಯಾದದ್ದು ಆ ನಗು ನೋಡಿ. ಎರವಲು ಒಯ್ದ ಏಣಿಯನ್ನು ಕೊಡಲು ಮೂರು ವರ್ಷ ಸತಾಯಿಸಿದವನು ಇವತ್ತು ಕೇಳಿದ ಕೂಡಲೇ ಕೊಡುವುದೆಂದರೇನು? ಅದೂ ಒರೆಸಿ? ಬೆಳಗ್ಗೆ ಬೇಡವೆಂದವನು ಈಗ ಒಳ್ಳೆಯದು ಎನ್ನುವುದೆಂದರೇನು? 'ಏನೋ ಬೆರೆಸಿದಾನೆ' ಎಂದುಕೊಂಡ. ಡಬ್ಬಿಯನ್ನು ಹಿತ್ತಲಲ್ಲಿ ಎಲೆಗುಪ್ಪೆಯ ಹಿಂದೆ ಬಚ್ಚಿಟ್ಟು, ಕಾರು ಹತ್ತಿ ಪೇಟೆಗೆ ಹೋಗಿ ಹೊಸ ಡಬ್ಬಿ ತಂದ. ಎದುರುಬಾಗಿಲಿಗೆ ಬೀಗ ಹಾಕಿ, ಆ ಬಾಗಿಲಿಂದ ಶುರುಮಾಡಿ ಅಡುಗೆಮನೆಯ ಹೊಸ್ತಿಲ ತನಕ ಹಿಂದೆ ಹಿಂದೆ ಸರಿಯುತ್ತ ಬಳಿದ. ಬ್ರಷ್ಷು ಹೋದ ಕಡೆಯೆಲ್ಲ ಜೇನು ಹರಿಯಿತು.

ಏಳು ಗಂಟೆಗೆ ಗಿಟ್ಟೆ ಹಿತ್ತಲ ಬಾಗಿಲಿಂದ ಬಂದಳು. ಹೊಸ್ತಿಲಲ್ಲಿ ನಿಂತು ನೆಲದ ಮೂಲೆ ಮೂಲೆಯನ್ನೂ ಕಣ್ಣಲ್ಲೇ ಅಳೆದಳು.

"ಮುಗಿಸ್ಬಿಟ್ಯಾ?"

"ನಾಳೆ ಸಂಜೆ ತನಕ ಯಾರೂ ಕಾಲಿಡೋ ಹಾಗಿಲ್ಲ."

ಅವಳು ಅವನ ಕೆನ್ನೆಗೆ ಅಂಟಿದ್ದ ವಾರ್ನಿಷ್ಷನ್ನೂ ಲೆಕ್ಕಿಸದೆ ಮುತ್ತು ಕೊಟ್ಟಳು. ಹೆನ್ನಿಂಗ್ ಅಡುಗೆಮನೆಯಿಂದ ಮಹಡಿಗೆ ಹೋಗುವ ಮೆಟ್ಟಿಲನ್ನು ರಾಜನ ಹಾಗೆ ಹತ್ತಿ ಹೋಗಿ ಮಲಗಿದ.

ಬೆಳಗ್ಗೆ ಆರೂವರೆಗೆ ಅವನನ್ನು ಹಾಸಿಗೆಯಿಂದ ಕಿತ್ತೆಸೆದದ್ದು ಕಹಳೆ. ಕಿಟಕಿ ತೆಗೆದು ಬಗ್ಗಿ ನೋಡಿದ. ಎದುರುಬಾಗಿಲಿಗೆ ಹಸಿರು ಸೊಪ್ಪಿನ ಕಮಾನು ಕಟ್ಟಿತ್ತು. ಅದರ ನೆತ್ತಿಯ ಮೇಲೆ ತಾಮ್ರದ ಬಣ್ಣದ ಕಾಗದದಲ್ಲಿ 'ಹನ್ನೆರಡೂವರೆ' ಎಂಬ ಅಂಕಿ. ಕೆಳಗೆ ಇಪ್ಪತ್ತೆರಡು ಜನ ಗಂಟಲು ಬಿಚ್ಚಿ ಹಾಡುತ್ತಿದ್ದರು. ಹೆನ್ನಿಂಗನಿಗೆ ಆಗ ಲೆಕ್ಕ ಸಿಕ್ಕಿತು. ಮದುವೆಯಾಗಿ ಇವತ್ತಿಗೆ ಸರಿಯಾಗಿ ಹನ್ನೆರಡೂವರೆ ವರ್ಷ. ಇಪ್ಪತ್ತೈದರ ಬೆಳ್ಳಿ ಮದುವೆಗೆ ಅರ್ಧದಾರಿ, ತಾಮ್ರದ ಮದುವೆ! ಅವತ್ತು ಆ ಕಡೆಯ ವಾಡಿಕೆಯಂತೆ ನೆರೆಯವರು ಗುಟ್ಟಾಗಿ ಕಮಾನು ಕಟ್ಟಿ, ಹಾಡಿ ಎಬ್ಬಿಸಿ, ಒಳಗೆ ಬಂದು ತಿಂಡಿ ತಿನ್ನದೆ ಬಿಡುವುದುಂಟೇ?

"ಬರ್ಬೇಡಿ! ಒಳಗೆ ಬರ್ಬೇಡಿ! ನೆಲ ಹಸಿ!" ಎಂದು ಕಿರುಚಿದ.

"ಒಣಗಿದೆ, ಬನ್ರೋ!" ಅಂದ ಆಸ್ಗರ್ ಕೆಳಗಿನಿಂದ. "ಬೇಗ ಒಣಗಿಸೋ ಮದ್ದು ನಿನ್ನೇನೇ ಬೆರೆಸಿದೀನಿ!"

ಗಿಡಕ್ಕೆ ನೀರು ಹಾಕಲೆಂದು ಕೊಟ್ಟಿದ್ದ ಬೀಗದ ಕೈ ಯುಟ್ಟೆಯ ಹತ್ತಿರ ಇತ್ತು. ಬಾಗಿಲು ತೆರೆಯಿತು. ಮರ್ಯಾದಸ್ಥರ ಊರು. ಇಪ್ಪತ್ತೆರಡು ಜನವೂ ಮೆಟ್ಟಿಲ ಪಕ್ಕ ಸಾಲಾಗಿ ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲಿ ಒಳಗೆ ನಡೆದರು. ಯುಟ್ಟೆ ಮೂರನೆಯ ಹೆಜ್ಜೆ ಎತ್ತಿದಾಗ ಕಾಲು ಬಂತು, ಚೀಲ ಬರಲಿಲ್ಲ. ಹಾಡು ನಿಂತಿತು. ಹಿಂದಿನವರಿಗೆ ಇದು ಗೊತ್ತಾಗದೆ ನುಗ್ಗಿದರು. ಹೆನ್ನಿಂಗ್ ಮತ್ತು ಗಿಟ್ಟೆ ಅಡುಗೆಮನೆಯ ಹೊಸ್ತಿಲಿಗೆ ಬರುವ ಹೊತ್ತಿಗೆ ಊರಿನ ಗಣ್ಯರೆಲ್ಲ ಜೇನಿಗೆ ಬಿದ್ದ ನೊಣಗಳ ಹಾಗೆ ನಡುಮನೆಯಲ್ಲಿ ಸಿಕ್ಕಿಕೊಂಡಿದ್ದರು. ವಿಲ್ಲಿ ಬನ್ನಿನ ಬುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಒಂಟಿಕಾಲಲ್ಲಿ ನಿಂತಿದ್ದ.

"ಮದ್ದು ಬೆರೆಸಿದ್ನಲ್ಲೋ!" ಆಸ್ಗರ್ ಗೋಳಾಡಿದ.

"ನಾನು ಬೇರೆ ಡಬ್ಬಿ ತಂದೆ!"

"ಯಾಕೆ?"

"ನೀನು ಏನೋ ಬೆರೆಸಿದೀಯ ಅಂತ!"

ಒಬ್ಬೊಬ್ಬರೇ ಕಾಲುಚೀಲ ಬಿಟ್ಟು ಬರಿಗಾಲಲ್ಲಿ ಅಂಗಳಕ್ಕೆ ಪಾರಾದರು. ತೆರೆದ ಬಾಗಿಲಾಚೆ ಎಲ್ಲರೂ ಗುಂಪಾಗಿ ನಿಂತಿರುವಾಗ ಗಿಟ್ಟೆ ಮೆಲ್ಲಗೆ ಕೇಳಿದಳು: "ಹೆನ್ನಿಂಗ್, ಇವತ್ತು ಏನು ಅಂತ ನಿಂಗೆ ನೆನಪಿತ್ತಾ?"

ಹೆನ್ನಿಂಗ್ ಅಂಗಳಕ್ಕೂ ಕೇಳುವ ಹಾಗೆ ಕೂಗಿದ: "ನೆನಪಿರಲ್ವಾ? ಈ ನೆಲಾನೇ ನಿನಗೆ ಉಡುಗೊರೆ!"

"ಹಾಗಾದ್ರೆ," ಅಂಗಳದಿಂದ ಯುಟ್ಟೆಯ ಟೀಚರ್ ದನಿ ಕೇಳಿತು, "ಬೆಳಗ್ಗೆ ನಾವು ಬರ್ತೀವಿ ಅಂತಾನೂ ಗೊತ್ತಿತ್ತು. ಗೊತ್ತಿದ್ದೂ ಬಳಿದೆ."

ಇಪ್ಪತ್ತೆರಡು ಜೊತೆ ಕಣ್ಣು ಅವನ ಮೇಲೆ. ಈಗ ಎರಡೇ ದಾರಿ. ಮರೆತಿದ್ದೆ ಎಂದರೆ ಹೆಂಡತಿ ಅಕ್ಕನ ಮನೆಗೆ. ನೆನಪಿತ್ತು ಎಂದರೆ ಊರಿಗೆಲ್ಲ ಬೇಕೆಂದೇ ಅಂಟು ಬಳಿದ ನೀಚ. ನೆರೆಯವರು ಬಂದು ಹೋಗುವವರು, ಗಿಟ್ಟೆ ದಿನಾ ಎದುರಿಗಿರುವವಳು. "ಹೂಂ, ಗೊತ್ತಿತ್ತು," ಅಂದ.

ಎಲ್ಲರೂ ಬರಿಗಾಲಿಗೇ ಬೂಟು ತೂರಿಸಿಕೊಂಡರು. ವಿಲ್ಲಿ ಬನ್ನಿನ ಬುಟ್ಟಿ ಎತ್ತಿಕೊಂಡ. ಇನ್ನೊಬ್ಬರು ಮದ್ಯದ ಬಾಟಲಿ ಎತ್ತಿಕೊಂಡರು. ಆಸ್ಗರ್ ಕಮಾನನ್ನೇ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಹೊರಟ.

ಗಿಟ್ಟೆ ಬಾಗಿಲ ಚೌಕಟ್ಟಿಗೆ ಒರಗಿ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಗು.

"ನಂಗೆ ಪೂರ್ತಿ ಮರೆತೇಹೋಗಿತ್ತು ಕಣೋ. ನಿಂಗೂ ಮರೆತಿದ್ರೆ ಬಚಾವು ಅಂತ ದೇವರನ್ನ ಬೇಡ್ಕೋತಾ ಕೇಳ್ದೆ!"

ಹೆನ್ನಿಂಗ್ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ, "ನಿಲ್ರೋ! ನಾನೂ ಮರೆತಿದ್ದೆ! ದೇವರಾಣೆ ಮರೆತಿದ್ದೆ!" ಎಂದು ಕೂಗುತ್ತ, ನಡುಮನೆಯ ಮೇಲೇ ಹಾದು ಬೀದಿಗೆ ಓಡಿದ. ಅವನ ಕಾಲುಚೀಲ ಅಲ್ಲೇ ಉಳಿಯಿತು. ಅದು ಇಪ್ಪತ್ಮೂರನೆಯ ಜೊತೆ.