ತೆಂಗಿನಕಾಯಿ ಕಟ್ಟಿಕೊಂಡು ಕಡಲಿಗಿಳಿದ ಅಕ್ಕ

ನನ್ನ ಅಕ್ಕನಿಗೆ ಒಂದು ಮನೆ ಉಂಟು. ಆದರೆ ಆ ಮನೆಯೊಳಗೆ ಅವಳನ್ನು ನೋಡಿದವರು ಯಾರೂ ಇಲ್ಲ!

ಮನೆಗೆ ಗೋಡೆ ಇಲ್ಲವೆಂದು ಭಾವಿಸಬೇಡಿ. ಗಟ್ಟಿ ಗೋಡೆಗಳಿವೆ, ಸೋರದ ಮಾಡು ಇದೆ, ಮಲಗುವ ಕೋಣೆಯಲ್ಲಿ ಏಸಿಯೂ ಇದೆ. ಇರುವುದು ಮಾತ್ರ ಫಿಲಿಪೈನ್ಸ್ ದೇಶದ ಒಂದು ಪುಟ್ಟ ದ್ವೀಪದಲ್ಲಿ. ಭಾವ ಅಲ್ಲಿಯ ಒಂದು ರೆಸಾರ್ಟಿನಲ್ಲಿ ಕರೆಂಟಿನ ಕೆಲಸದ ಮೇಲ್ವಿಚಾರಕರು. ಅವರು ನಮ್ಮೂರಿನ ಹತ್ತಿರದ ವಾಮಂಜೂರಿನವರು. ಗದ್ದೆಯ ಬದಿಯ ಮನೆಯಲ್ಲಿ ಸೊಳ್ಳೆ ಹೊಡೆದುಕೊಂಡೇ ಬೆಳೆದವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಗುರಿ: ಮುಂದೊಂದು ದಿನ ಏಸಿಯ ಕೆಳಗೆ ಕಂಬಳಿ ಹೊದ್ದು ಮಲಗಬೇಕು. ಗುರಿ ಈಡೇರಿ ಒಂದು ವಾರ ಆಗಿತ್ತೋ ಇಲ್ಲವೋ, ಅಕ್ಕ ಮಂಚವನ್ನು ಅಂಗಳಕ್ಕೆ ಎಳೆದು ಹಾಕಿದಳು.

"ಗೋಡೆಯೊಳಗೆ ಮಲಗ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಅದು ನಮ್ಮೂರಿನ ಪಂಪ್‌ವೆಲ್‌ನಲ್ಲೇ ಆಗ್ತಿತ್ತಲ್ಲ?" ಎಂಬುದು ಅವಳ ವಾದ. ಭಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದರು. ಅವಳ ವಾದಕ್ಕೆ ನಿಮ್ಮ ಬಳಿ ಉತ್ತರ ಉಂಟೇ?

ಮಂಚದ ಹಿಂದೆ ಗ್ಯಾಸ್ ಒಲೆ ಹೊರಗೆ ಬಂತು. ಒಲೆಯ ಹಿಂದೆ ಕಡೆಯುವ ಕಲ್ಲು, ಕಲ್ಲಿನ ಹಿಂದೆ ಮಕ್ಕಳ ಪುಸ್ತಕ. ಎರಡು ಮಾವಿನ ಮರಗಳ ನಡುವೆ ಬಿದಿರಿನ ಚಪ್ಪರ ಎದ್ದಿತು. ಒಂಬತ್ತು ವರ್ಷದ ಮಗಳು ಕೊಂಬೆಯ ಮೇಲೆ ಕುಳಿತು ಮಗ್ಗಿ ಹೇಳಿದರೆ, ಅವಳ ತಮ್ಮ ಕೆಳಗೆ ಕೋಳಿಗೆ ಎ ಬಿ ಸಿ ಡಿ ಕಲಿಸುತ್ತಿದ್ದ. ಭಾವ ಮೇಲಧಿಕಾರಿಗಳ ಜೊತೆ ಫೋನಿನಲ್ಲಿ ಮೀಟಿಂಗ್ ಮಾಡುವಾಗ ಹಿಂದಿನಿಂದ ಆ ಕೋಳಿ ಹಾಜರಿ ಹಾಕುತ್ತಿತ್ತು. ಒಮ್ಮೆ ಕೋಳಿ ಕಾಣದಿದ್ದಾಗ ಮೇಲಧಿಕಾರಿ ಕಾಳಜಿಯಿಂದ ವಿಚಾರಿಸಿದರಂತೆ. ಹಿಂದಿನ ಸಂಜೆ ಅದು ಬಾಣಲೆಯಲ್ಲಿ ಸುಕ್ಕ ಆಗಿತ್ತು ಎಂದು ಭಾವ ಹೇಗೆ ಹೇಳಿಯಾರು?

ಮಳೆ ಬಂದರೆ? ಆ ದ್ವೀಪದ ಮಳೆ ನಮ್ಮ ಊರಿನದ್ದರ ಹಾಗೆಯೇ, ಮುನ್ಸೂಚನೆ ಕೊಡುವ ಮರ್ಯಾದೆ ಅದಕ್ಕಿಲ್ಲ. ಅಕ್ಕ ನೀರುದೋಸೆ ಹೊಯ್ಯುತ್ತಿದ್ದಾಗ ಒಂದು ಸಲ ಸುರಿಯಿತು. ಚಪ್ಪರ ಸೋರಿತು. ಭಾವ ಒಳಗೆ ಓಡಿ ಕೊಡೆ ತಂದರು. ಅದನ್ನು ತನ್ನ ತಲೆಗೆ ಹಿಡಿದ ಗಂಡನನ್ನು ಅಕ್ಕ ಗದರಿಸಿ ಕಾವಲಿಯ ಮೇಲೆ ಹಿಡಿಯಲು ಹೇಳಿದಳು. ಇಬ್ಬರೂ ತೊಯ್ದು ತೊಪ್ಪೆಯಾದರು. ನೀರುದೋಸೆಗೆ ಮಾತ್ರ ಒಂದು ಹನಿ ನೀರೂ ತಾಗಲಿಲ್ಲ!

ಕಳೆದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದೆ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮದು ಕರಾವಳಿಯಲ್ಲಿ ಕೂಳೂರು ಹೊಳೆಯ ಸಂಕದ ಹತ್ತಿರದ ಮೀನುಗಾರರ ಮನೆ. ಅಪ್ಪ ಬಂದರಿನ ದಕ್ಕೆಯಿಂದ ಬೋಟಿನಲ್ಲಿ ಕಡಲಿಗೆ ಹೋಗುತ್ತಿದ್ದವರು. ಅಕ್ಕ ಪಿಯುಸಿಗೆ ನಿಂತಳು. ಆ ಮನೆಗೆ ಮೊದಲ ಡಿಗ್ರಿ ತಂದವಳು ನಾನು. ಇದನ್ನು ಯಾರೂ ಕೇಳದಿದ್ದರೂ ನಾನು ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು; ಮೀನಿನ ಬುಟ್ಟಿ ತೊಳೆದ ಕೈಯಲ್ಲೇ ಪುಟ ತಿರುಗಿಸಿ ಬಂದದ್ದು.

ಇಂಥ ನನಗೆ ಅಕ್ಕ ಮಲಗಲು ಕೊಟ್ಟದ್ದು ಮರಕ್ಕೆ ಕಟ್ಟಿದ ಬಲೆಯ ಉಯ್ಯಾಲೆ. ಹತ್ತಿದ ಬದಿಯಿಂದಲೇ ಇಳಿದೆ, ಆದರೆ ತಲೆ ಮೊದಲು. ಅಕ್ಕ ಲಾಟೀನು ಹಿಡಿದು ಬಂದು ನನ್ನ ಮೇಲೆ ಬೆಳಕು ಬಿಟ್ಟಳು.

"ಎಂ.ಎ. ಮಾಡಿದ್ದೀ ಅಲ್ವಾ ಮಾರಾಯ್ತಿ? ಮಲಗುದು ಯಾವ ವರ್ಷದಲ್ಲಿ ಕಲಿಸ್ತಾರೆ?"

ಇಷ್ಟೆಲ್ಲ ಬಯಲಿನವಳಾದ ಅಕ್ಕ ಒಂದು ಕಡೆ ಮಾತ್ರ ಕಾಲಿಡುತ್ತಿರಲಿಲ್ಲ. ಮನೆಯೆದುರೇ ಕಡಲು, ಕನ್ನಡಿಯಂತೆ ತಿಳಿಯಾದ ನೀರು. ಭಾವ ಕುತ್ತಿಗೆವರೆಗೆ, ಮಕ್ಕಳು ಮುಳುಗುವವರೆಗೆ, ಅಕ್ಕ ಮಾತ್ರ ಒದ್ದೆ ಮರಳಿನ ಗೆರೆಯವರೆಗೆ! ತೆರೆ ಒಂದು ಗೇಣು ಮುಂದೆ ಬಂದರೆ ಅವಳು ಎರಡು ಗೇಣು ಹಿಂದೆ.

ಕಾರಣ ನನಗೆ ಗೊತ್ತಿತ್ತು. ಅದು ನಮ್ಮ ಮನೆಯ ಕಾನೂನು. "ನೀರಿಗೆ ಇಳಿದ್ರೆ ಕಾಲು ಮುರಿದು ಕೈಗೆ ಕೊಡ್ತೇನೆ" ಎಂದು ಅಪ್ಪ ಹೇಳುತ್ತಿದ್ದರು. ನೆರೆಮನೆಯ ಮಕ್ಕಳೆಲ್ಲ ಎರಡು ಒಣಗಿದ ತೆಂಗಿನಕಾಯಿ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿಯುವಾಗ ನಾವಿಬ್ಬರು ದಂಡೆಯಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದೆವು. ಕಡಲಿನ ಕಡೆ ಮುಖ ಮಾಡಿದ ಮಕ್ಕಳು ಶಾಲೆಯ ಕಡೆ ತಿರುಗುವುದಿಲ್ಲವೆಂದು ಅಪ್ಪನ ಲೆಕ್ಕ ಎಂದು ನಾವು ತಿಳಿದಿದ್ದೆವು. ನನ್ನ ಡಿಗ್ರಿಯ ಅರ್ಧ ಶ್ರೇಯಸ್ಸನ್ನು ನಾನು ಆ ಬೆದರಿಕೆಗೇ ಕೊಟ್ಟಿದ್ದೆ. ಹೀಗೆ ಮೀನುಗಾರನ ಇಬ್ಬರು ಹೆಣ್ಣುಮಕ್ಕಳಿಗೂ ಈಜು ಬರುವುದಿಲ್ಲ. ಹೇಳಿದರೆ ಯಾರು ನಂಬುತ್ತಾರೆ?

ಅಲ್ಲಿಯ ಶಾಲೆಯಲ್ಲಿ ವರ್ಷದ ಕೊನೆಗೆ ಒಂದು ಕಡಲಿನ ದಿನ. ದಡದಿಂದ ಸ್ವಲ್ಪ ದೂರದಲ್ಲಿ ಬಿದಿರಿನ ತೆಪ್ಪವೊಂದನ್ನು ಲಂಗರು ಹಾಕಿ ನಿಲ್ಲಿಸುತ್ತಾರೆ. ಮಕ್ಕಳು ಅಪ್ಪ ಅಮ್ಮನ ಜೊತೆ ಅಲ್ಲಿಗೆ ಈಜಿ ಹೋಗಿ, ತೆಪ್ಪದ ಮೇಲೆ ಕೂತು ಊಟ ಮಾಡಬೇಕು. ಹಿಂದಿನ ವರ್ಷ ಅಕ್ಕ ದಡದಲ್ಲಿ ಎಲ್ಲರ ಚಪ್ಪಲಿ ಕಾದಿದ್ದಳು.

ನಾನಿದ್ದಾಗಲೇ ಒಂದು ಮಧ್ಯಾಹ್ನ ಮಗಳು ಮರದಿಂದ ಇಳಿದು ಬಂದು, ಗಂಜಿ ಉಣ್ಣುತ್ತ ಹೇಳಿದಳು: "ಅಮ್ಮ, ಈ ಸಲ ಸಹ ನೀನೇ ಚಪ್ಪಲಿ ನೋಡ್ತೀ ಅಲ್ವಾ? ನಾನು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿ ಆಗಿದೆ. ನನ್ನ ಅಮ್ಮ ಚೆಂದ ನೋಡ್ತಾಳೆ ಅಂತ."

ಮಗುವಿನ ಮಾತಿನಲ್ಲಿ ಕೊಂಕಿರಲಿಲ್ಲ. ಹೆಮ್ಮೆಯೇ ಇತ್ತು. ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಅವಳು ಕಡಲ ಬದಿಯಲ್ಲಿದ್ದಳು. ಭಾವ ರೆಸಾರ್ಟಿನಿಂದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದರೆ, "ಇದು ಹಾಕಿದ್ರೆ ಈಜುದು ಜಾಕೆಟ್, ನಾನಲ್ಲ" ಎಂದು ವಾಪಸು ಮಾಡಿದಳು. ಅಲ್ಲಿಯ ಒಬ್ಬ ತರಬೇತುದಾರ ಕಲಿಸುತ್ತೇನೆಂದು ಬಂದ. ಅವನಿಗೂ ಬೇಡವೆಂದಳು. ಕಲಿತರೆ ನಮ್ಮೂರಿನ ಕ್ರಮದಲ್ಲೇ ಕಲಿಯುವುದು ಎಂದು ಎರಡು ಒಣಗಿದ ತೆಂಗಿನಕಾಯಿ ಆರಿಸಿ, ಸಿಪ್ಪೆಯ ನಾರು ಎಬ್ಬಿಸಿ, ಒಂದಕ್ಕೊಂದು ಗಂಟು ಹಾಕಿದಳು.

ಆದರೆ ಒಂದು ತೊಂದರೆ ಇತ್ತು. ಕಾಯಿ ಕಟ್ಟಿಕೊಳ್ಳುವುದನ್ನು ನಾವು ನೋಡಿದ್ದು ದಂಡೆಯಿಂದ, ಅದೂ ಪುಸ್ತಕದ ಅಂಚಿನಿಂದ. ಮೈಯಲ್ಲಿ ಎಲ್ಲಿ ಕಟ್ಟುವುದು? ನನ್ನನ್ನು ಕೇಳಿದಳು. ವಿದ್ಯಾವಂತೆಯಲ್ಲವೇ, ನಾನು ಬಹಳ ಯೋಚಿಸಿ, ಸೊಂಟಕ್ಕೆ ಎಂದೆ!

ಅಕ್ಕ ನೀರಿಗೆ ಬಿದ್ದ ಕೂಡಲೇ ಸೊಂಟ ಮೇಲೆ ಬಂತು. ತಲೆ ಕೆಳಗೆ ಹೋಯಿತು. ಚೂಡಿದಾರ ಗಾಳಿ ತುಂಬಿ ಗುಡಾಣದಂತೆ ಉಬ್ಬಿತು. ಪಕ್ಕದ ಮನೆಯ ಹೆಂಗಸು ಓಡಿ ಬಂದು ಮೀನಿನ ಬಾಲ ಹಿಡಿದಂತೆ ಅವಳ ಕಾಲು ಹಿಡಿದು ಎಳೆದಳು. ಆ ದ್ವೀಪದವರು ತೆಂಗಿನಕಾಯಿಯಿಂದ ಎಣ್ಣೆ ತೆಗೆಯುತ್ತಾರೆ, ಹೆಂಡ ಇಳಿಸುತ್ತಾರೆ, ಚಿಪ್ಪಿನಿಂದ ಗುಂಡಿ ಮಾಡುತ್ತಾರೆ. ಅದೇ ಕಾಯಿ ಒಬ್ಬ ಹೆಂಗಸನ್ನು ತಲೆಕೆಳಗು ಮಾಡುವುದನ್ನು ಮೊದಲ ಬಾರಿ ನೋಡಿದರು. ಮರುದಿನದಿಂದ ನೋಡಲು ಜನ ಸೇರತೊಡಗಿತು.

ಅಕ್ಕ ಉಪ್ಪು ನೀರು ಉಗುಳಿ, ಮೂಗು ಒರೆಸಿ ಹೇಳಿದ್ದು ಇಷ್ಟೇ: "ಇವತ್ತು ಗಂಜಿಗೆ ಉಪ್ಪು ಹಾಕುದು ಬೇಡ." ಮತ್ತೆ ಇಳಿದಳು. ಕಾಯಿಗಳು ಸೊಂಟದಿಂದ ಎದೆಯ ಕೆಳಗೆ ಬಂದವು. ಅವಳು ತೇಲಿದಳು. ನಾನು ಊರಿಗೆ ಹೊರಡುವ ಹೊತ್ತಿಗೆ ಎರಡು ಕಾಯಿಯ ಜಾಗದಲ್ಲಿ ಒಂದೇ ಕಾಯಿ ಉಳಿದಿತ್ತು.

ಅಪ್ಪನಿಗೆ ಈ ಯಾವುದೂ ಗೊತ್ತಿರಲಿಲ್ಲ. ದಿನಾ ವೀಡಿಯೋ ಕಾಲ್ ಮಾಡುವಾಗ ಅಕ್ಕನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ಕೇಳಿದರೆ, ತಲೆಗೆ ಸ್ನಾನ ಎನ್ನುತ್ತಿದ್ದಳು. ಮರುದಿನವೂ ತಲೆಗೆ ಸ್ನಾನ. ಅದರ ಮರುದಿನವೂ. ಅಲ್ಲಿ ದಿನಾ ಎಂತ ಹಬ್ಬ ಎಂದು ಅಪ್ಪ, ಊರಿಗೆ ಮರಳಿದ್ದ ನನ್ನನ್ನು ಕೇಳಿದರು. ನಾನು ಉತ್ತರಪತ್ರಿಕೆ ತಿದ್ದಲು ಕುಳಿತೆ.

ಕಡಲಿನ ದಿನ ಬಂತು. ಭಾವ ಗಾಬರಿಯಲ್ಲಿ ನನಗೊಬ್ಬಳಿಗೆ ಮಾಡಬೇಕಾದ ವೀಡಿಯೋ ಕಾಲ್ ಅನ್ನು ಮನೆಯವರ ಗ್ರೂಪಿಗೇ ಮಾಡಿಬಿಟ್ಟರು. ನಾನು ಫೋನ್ ಹುಡುಕುವ ಮೊದಲೇ ಅಪ್ಪ ಎತ್ತಿದ್ದರು.

ಓಡಿ ಹೋಗಿ ಅವರ ಪಕ್ಕ ನಿಂತೆ. ಪರದೆಯ ಮೇಲೆ ನೀಲಿ ನೀರು, ದೂರದಲ್ಲಿ ತೆಪ್ಪ, ನಡುವೆ ಚೂಡಿದಾರ ತೊಟ್ಟ ನನ್ನ ಅಕ್ಕ. ತೆಂಗಿನಕಾಯಿ ಇಲ್ಲ. ಅದು ದಡದಲ್ಲಿ ಫೋನ್ ಹಿಡಿದು ನಿಂತ ಭಾವನ ಕಂಕುಳಲ್ಲಿತ್ತು; ಅದರ ನಾರು ಪರದೆಯ ಮೂಲೆಯಲ್ಲಿ ಕಂಡಿತು. ಅರ್ಧ ದಾರಿಯಲ್ಲಿ ಅಕ್ಕನ ಕೈ ನಿಧಾನವಾಯಿತು, ತಲೆ ಒಮ್ಮೆ ಕೆಳಗೆ ಹೋಗಿ ಬಂತು. ಅಪ್ಪನ ಹೆಬ್ಬೆರಳು ಪರದೆಯ ಮೇಲೆ, ಅವಳ ತಲೆಯ ಕೆಳಗೆ, ಎತ್ತಿ ಹಿಡಿದಂತೆ ಒತ್ತಿಕೊಂಡಿತು. ಮುಂದೆ ಹೋಗಿದ್ದ ಮಗಳು ಹಿಂತಿರುಗಿ ಬಂದು ಅಮ್ಮನ ಪಕ್ಕದಲ್ಲೇ, ಅಮ್ಮನಷ್ಟೇ ನಿಧಾನವಾಗಿ ಈಜಿದಳು. ಇಬ್ಬರೂ ತೆಪ್ಪಕ್ಕೆ ಒಟ್ಟಿಗೆ ಕೈ ಹಾಕಿದರು.

ದಡದಲ್ಲಿ ಚಪ್ಪಲಿ ಕಾಯಲು ಭಾವ ಇದ್ದರಲ್ಲ!

ತೆಪ್ಪದಿಂದ ವಾಪಸು ಬಂದ ಅಕ್ಕ ನೀರು ಸುರಿಸುತ್ತಲೇ ಫೋನ್ ತೆಗೆದುಕೊಂಡಳು. ನೋಡಿದರೆ ಅಪ್ಪನ ಮುಖ.

"ಅಪ್ಪಾ... ಅದು, ತಲೆಗೆ ಸ್ನಾನ" ಎಂದಳು.

ಅಪ್ಪ ನಗಲಿಲ್ಲ. ಅಕ್ಕನ ಮುಖದ ನಗುವೂ ಇಳಿಯಿತು. ಕಾಲು ಮುರಿಯುತ್ತೀರಾ ಎಂದು ಮೆಲ್ಲಗೆ ಕೇಳಿದಳು.

"ಅದು ಹೆದರಿಸ್ಲಿಕ್ಕೆ ಹೇಳಿದ್ದು ಮಗಾ" ಎಂದರು ಅಪ್ಪ. "ನೀವಿಬ್ಬರು ನೀರಿಗೆ ಬಿದ್ರೆ ನಾನು ಎಂತ ಮಾಡುದು? ನಂಗೆ ಈಜ್ಲಿಕ್ಕೆ ಬರುದಿಲ್ಲ."

ಪ್ರಾಯವಿಡೀ ಕಡಲಿನಲ್ಲಿ ದುಡಿದ ಮನುಷ್ಯ! ಗಾಳಿಮಳೆಯ ದಿನವೂ ಬೋಟು ಹತ್ತಿದವರು, ನನ್ನ ಪರೀಕ್ಷೆಯ ದಿನವೂ ಹತ್ತಿದವರು. ಒಂದು ತೆರೆಗೆ ಕಾಲು ಜಾರಿದ್ದರೆ ಅವರಿಗೆ ಹಿಡಿದುಕೊಳ್ಳಲು ಒಂದು ತೆಂಗಿನಕಾಯಿಯೂ ಇರಲಿಲ್ಲ. ಆ ಡಿಗ್ರಿಯನ್ನು ನಾನು ಒಬ್ಬಳೇ ತಂದೆನೆಂದು ಇಷ್ಟು ವರ್ಷ ಊರಿಡೀ ಹೇಳಿಕೊಂಡು ಬಂದಿದ್ದೇನೆ.

ಅಕ್ಕ ಕಣ್ಣು ಒರೆಸಿಕೊಂಡಳು. ಕಡಲ ನೀರು ಇರಬೇಕು.

ಅಪ್ಪ ಅಂಗಿಯ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, ಫೋನನ್ನು ಹತ್ತಿರ ತಂದರು.

"ಆ ಕಾಯಿ ಎಲ್ಲಿ ಕಟ್ಟುದು, ಸರಿ ತೋರಿಸು ನೋಡುವ."