ಕಾಣೆಯಾದ ನಾಲ್ಕು ಮೂಲೆಗಳು

ಬೆಸುಗೆ ವಿಭಾಗದಿಂದ ಉಕ್ಕಿನ ನಾಲ್ಕು ಮೂಲೆಗಳು ಕಾಣೆಯಾಗಿರುವುದನ್ನು ಉಗ್ರಾಣಾಧಿಕಾರಿಗಳು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಧ್ಯುಕ್ತವಾಗಿ ಪತ್ತೆಹಚ್ಚಿದರು. ಆರೋಪಿ, ಅದೇ ವಾರ ನಿವೃತ್ತನಾಗಲಿದ್ದ ಮೇಸ್ತ್ರಿ.

ಅಲ್ಯೂಮಿನಿಯಂಗೆ ತಾಮ್ರ ಬೆಸೆಯುವುದು ಮೇಸ್ತ್ರಿಯ ಕೆಲಸ. ಎರಡು ತಗಡುಗಳು ಕೂಡುವಲ್ಲಿ ಗರಗರ ತಿರುಗುವ ಪಿನ್ನನ್ನು ಒತ್ತಿದರೆ, ತಿಕ್ಕಾಟದ ಬಿಸಿಗೆ ಲೋಹಗಳು ಮೆತ್ತಗಾಗಿ ಹಿಟ್ಟಿನಂತೆ ಕಲಸಿಕೊಳ್ಳುತ್ತವೆ. ದುಂಡು ಪಿನ್ನು ಸುಮ್ಮನೆ ಸುತ್ತುತ್ತದೆ. ಜಾತಿ ಬೇರೆಯಾದ ಈ ಲೋಹಗಳನ್ನು ನಿಜವಾಗಿ ಬೆರೆಸುವುದು ಚೌಕ ಪಿನ್ನಿನ ಮೂಲೆಗಳು ಎಂಬುದನ್ನು ಅವನು ಏಳು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದ. ಆದರೆ ಮುನ್ನೂರು ಬೆಸುಗೆಗಳಾದ ಮೇಲೆ ಆ ಚೌಕ ಪಿನ್ನು ಸವೆದು ದುಂಡಗಾಗಿತ್ತು. ವಸ್ತುವನ್ನು ಪಡೆದ ಆಕಾರದಲ್ಲೇ ಹಿಂತಿರುಗಿಸತಕ್ಕದ್ದು ಎಂದು ಉಗ್ರಾಣದ ನಿಯಮ.

“ಸವೆದುಹೋಗಿದೆ ಸಾರ್,” ಎಂದ ಮೇಸ್ತ್ರಿ.

“ಹೋಗಿದ್ದು ಎಲ್ಲಿಗೆ?”

“ಬೆಸುಗೆ ಒಳಗೇ ಇರುತ್ತೆ.”

“ಹಾಗಾದ್ರೆ ತೆಗೆದುಕೊಡಿ. ಆಮೇಲೆ ನಿಮ್ಮ ಬಿಡುಗಡೆ ಪತ್ರ.”

ದೂರದೂರಿನಲ್ಲಿ ಮೇಸ್ತ್ರಿಯ ಮಗಳಿಗೆ ದಿನ ತುಂಬಿತ್ತು. ತಾಯಿಯಿಲ್ಲದ ಹುಡುಗಿ, ಅಪ್ಪ ಬಂದ ಮೇಲೇ ಆಸ್ಪತ್ರೆಗೆ ಹೋಗುವುದೆಂದು ಫೋನಿನಲ್ಲಿ ಹಟ ಹಿಡಿದಿದ್ದಳು.

ಸಮಿತಿ ಕೂತಿತು. ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: ‘ಮೂಲೆಗಳು, ನಾಲ್ಕು. ಬಣ್ಣ ಬೂದು. ಕೊನೆಯದಾಗಿ ಪಿನ್ನಿನ ಮೇಲೆ ಕಂಡಿದ್ದವು.’ ಯಾವ ಮೂಲೆಯೂ ಅನುಮತಿಯಿಲ್ಲದೆ ಗೇಟು ದಾಟಿಲ್ಲವೆಂದು ಕಾವಲುಗಾರ ಲಿಖಿತ ಹೇಳಿಕೆ ಕೊಟ್ಟ. ಮೂರನೆಯ ದಿನ ತೀರ್ಮಾನ ಹೊರಬಿತ್ತು: ಸದರಿ ಪಿನ್ನು ಹುಟ್ಟಿನಿಂದಲೇ ದುಂಡಗಿತ್ತು. ಕಳೆದುಹೋಗಲು ಮೂಲೆಗಳೇ ಇಲ್ಲದ ಕಾರಣ ಇನ್ನು ಮುಂದೆ ದುಂಡು ಪಿನ್ನನ್ನೇ ಬಳಸತಕ್ಕದ್ದು. ಅದೇ ಶ್ರೇಷ್ಠವೆಂದು ಅನುಭವಿ ಮೇಸ್ತ್ರಿ ದೃಢೀಕರಿಸತಕ್ಕದ್ದು.

“ದುಂಡು ಪಿನ್ನಲ್ಲಿ ಬೆಸುಗೆ ನಿಲ್ಲಲ್ಲ ಸಾರ್.”

“ಬೆಸುಗೆ ನಿಲ್ಲೋದು ಉಗ್ರಾಣಕ್ಕೆ ಸಂಬಂಧಪಟ್ಟ ವಿಷಯ ಅಲ್ಲ, ಮೇಸ್ತ್ರಿ.”

ಏಳು ವರ್ಷದ ದುಡಿಮೆಯನ್ನು ನೆನೆದು ಮೇಸ್ತ್ರಿ ಪೆನ್ನು ಕೆಳಗಿಟ್ಟ. ಮಗಳನ್ನು ನೆನೆದು ಸಹಿ ಹಾಕಿದ.

ಮಧ್ಯಾಹ್ನ ಬೀಳ್ಕೊಡುಗೆ. ದುಂಡು ಪಿನ್ನಿನಲ್ಲಿ ಬೆಸೆದ ಮೊದಲ ಫಲಕವನ್ನು ನೆನಪಿನ ಕಾಣಿಕೆಯಾಗಿ ಕೊಡಲು ವ್ಯವಸ್ಥಾಪಕರು ಎತ್ತಿ ಹಿಡಿದರು. ಅಲ್ಯೂಮಿನಿಯಂ ಅವರ ಎಡಗೈಯಲ್ಲೂ ತಾಮ್ರ ಬಲಗೈಯಲ್ಲೂ ಉಳಿಯಿತು. ಉಗ್ರಾಣಾಧಿಕಾರಿಗಳು ಎದ್ದು ಪುಸ್ತಕ ತೆರೆದು, ಹೊರಹೋದ ಫಲಕ ಒಂದು, ಹಿಂತಿರುಗಿದ್ದು ಎರಡು, ಸಂಸ್ಥೆಯ ಚರಿತ್ರೆಯಲ್ಲಿ ದಾಸ್ತಾನು ಹೆಚ್ಚಿದ್ದು ಇದೇ ಮೊದಲು ಎಂದು ಓದಿ ಹೇಳಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿಯೂ ತಟ್ಟಿದ. ಅವನ ಬಸ್ಸಿಗೆ ಹೊತ್ತಾಗಿತ್ತು.